ರೊಟ್ಟಿಯ ಹೊತ್ತಿನ ಇಂಗ್ಲಿಷ್

ನಮ್ಮ ಊರಿನಲ್ಲಿ ಬಾಡಿಗೆ ಮನೆ ನೋಡಲು ಬಂದವರು ನೀರು ಬರುತ್ತದೆಯೇ, ಮಾಳಿಗೆ ಸೋರುತ್ತದೆಯೇ ಎಂದು ಕೇಳುವ ಮೊದಲು ಒಳಗೆ ಯಾರ ಉಳಿಕೆ ಇದೆ ಎಂದು ಕೇಳುತ್ತಾರೆ. ಕೆಳಗಿನ ಓಣಿಯಲ್ಲಿ ಒಂದು ಒಳ್ಳೆಯ ಮನೆ ಬಹಳ ಕಾಲ ಖಾಲಿ ಬಿದ್ದಿತ್ತು. ತೀರಿಹೋದ ಯಜಮಾನನ ಗೊರಕೆ ಅಲ್ಲಿ ಉಳಿದಿತ್ತು. ಆತ ಬದುಕಿನಲ್ಲಿ ಮನಸ್ಸಿಟ್ಟು ಮಾಡಿದ್ದು ಅದೊಂದೇ ಎಂದು ಅವನ ಹೆಂಡತಿಯೇ ನಗುತ್ತಿದ್ದಳು. ಕೊನೆಗೆ ಕಿವಿ ಕೇಳದ ಗಂಡ ಹೆಂಡತಿ ಬಂದು ಆ ಮನೆ ಸೇರಿಕೊಂಡರು. ಸುಖವಾಗಿದ್ದಾರೆ.

ಬೇಳೆ ಬೇಯಲು ಇಟ್ಟು ಬಂದಿದ್ದೇನೆ. ಅದು ಬೇಯುವಷ್ಟರಲ್ಲಿ ಆದಷ್ಟು ಬರೆಯುತ್ತೇನೆ.

ಯಾರಾದರೂ ತೀರಿಕೊಂಡರೆ ಅವರು ದಿನವೂ ಮನಸ್ಸಿಟ್ಟು ಮಾಡುತ್ತಿದ್ದ ಒಂದು ಕೆಲಸದ ಸಪ್ಪಳ ಮನೆಯಲ್ಲಿ ಉಳಿಯುತ್ತದೆ. ಯಾರೂ ಕಾಣುವುದಿಲ್ಲ, ಯಾವ ವಸ್ತುವೂ ಅಲುಗಾಡುವುದಿಲ್ಲ. ಅದರ ಹೊತ್ತಿಗೆ ಅದು ಕೇಳಿಸುತ್ತದೆ, ಅಷ್ಟೇ. ಮನೆಯವರಲ್ಲಿ ಒಬ್ಬರು ಆ ಕೆಲಸವನ್ನು ತಮ್ಮದು ಎಂದುಕೊಂಡು ಮಾಡತೊಡಗಿದ ದಿನ ಅದು ನಿಲ್ಲುತ್ತದೆ. ಎಲ್ಲಿ ನಿಂತು ಮಾಡಿದರೂ ಸರಿಯೇ, ಊರು ಬಿಟ್ಟು ಹೋಗಿ ಮಾಡಿದರೂ ನಿಲ್ಲುತ್ತದೆ. ಇದಕ್ಕೆ ನಾವು ಎತ್ತಿಕೊಳ್ಳುವುದು ಎನ್ನುತ್ತೇವೆ. ನನ್ನ ಅತ್ತೆಯ ಉಳಿಕೆ ಮೊರದ ಸಪ್ಪಳವಾಗಿತ್ತು. ಅವರು ಹೋದ ವಾರದಲ್ಲೇ ಮನೆಯಲ್ಲಿ ಹಿಟ್ಟು ಮುಗಿಯಿತು, ಜೋಳ ಕೇರಲೇಬೇಕಾಯಿತು. ಕೇರಿದೆ. ಸಪ್ಪಳ ನಿಂತಿತು. ಈಗಲೂ ನಾನು ಮೊರ ಹಿಡಿದರೆ ಕಾಳು ಅತ್ತೆ ಹಾರಿಸಿದ ಹಾಗೆಯೇ ಒಂದಿಷ್ಟು ಎಡಕ್ಕೆ ವಾಲಿ ಬೀಳುತ್ತವೆ. ನಾನು ಹಾಗೆ ಕಲಿತವಳಲ್ಲ.

ಹಿಂದಿನವರು ಹೀಗೆಯೇ ಎತ್ತಿಕೊಂಡು ಮುಂದೆ ಹೋಗುತ್ತಿದ್ದರಂತೆ. ಈಗಿನವರಿಗೆ ಮನಸ್ಸು ಬರುವುದಿಲ್ಲ. ಪೇಟೆಯ ಕ್ಷೌರದ ಅಂಗಡಿಯಲ್ಲಿ ಹಿರಿಯ ಹೋದ ಮೇಲೆ ಅವನ ಕತ್ತರಿ ಇಡೀ ಬೆಳಿಗ್ಗೆ ಚಕಚಕ ಎನ್ನುತ್ತದೆ. ಮಗ ಮಾರುತಿ ಅದೇ ಅಂಗಡಿಯ ಮುಂದೆ ಬಾಳೆಹಣ್ಣು ಮಾರುತ್ತಾನೆ. ಕೂದಲು ಕತ್ತರಿಸಿಕೊಳ್ಳಲು ಊರಿನ ಗಂಡಸರು ಬಸ್ಸು ಹತ್ತುತ್ತಾರೆ. ನಮ್ಮದು ಕರಿಕಲ್ಲಿನ ಊರು, ಪದರ ಪದರವಾಗಿ ಬಿಡುವ ಕಲ್ಲು. ಸುತ್ತಲಿನ ಶಾಲೆಗಳ ಮಕ್ಕಳೆಲ್ಲ ಒಂದು ಕಾಲದಲ್ಲಿ ನಮ್ಮ ಊರಿನ ಪಾಟಿಯ ಮೇಲೆಯೇ ಬರೆಯಲು ಕಲಿತವರು. ಈಗ ಊರಿನ ಹಿತ್ತಿಲ ಕೊಟ್ಟಿಗೆಗಳಲ್ಲೆಲ್ಲ ಸತ್ತವರ ಚಾಣ ಸುತ್ತಿಗೆ ಟಕ್ ಟಕ್ ಎನ್ನುತ್ತವೆ. ಬದುಕಿರುವವರು ಕಲ್ಲು ಹೊರುತ್ತಾರೆ. ನನ್ನ ಗಂಡ ಶಿವರುದ್ರಪ್ಪನೂ ಹಾಗೆಯೇ. ಅವರ ಅಪ್ಪ ಪಾಟಿ ಬಿಡಿಸುವುದರಲ್ಲಿ ಹೆಸರಾದವರು. ಇವರು ಕಲ್ಲಿನ ಕಣಿಯಲ್ಲಿ ಲಾರಿ ತುಂಬುತ್ತಾರೆ. ಮುಂಜಾನೆ ಹೊರಡುವ ಮುನ್ನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅಪ್ಪನ ಚಾಣ ಕೇಳಿ ಹೋಗುತ್ತಾರೆ.

ನಮಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮಹಾನಂದಾ. ನಂದಾ ಎಂದು ಕರೆಯುತ್ತಿದ್ದೆವು. ಸಣ್ಣವಳು ನೀಲಮ್ಮ, ನಮ್ಮ ಬಾಯಲ್ಲಿ ನೀಲಿ.

ನಂದಾ ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಇಂಗ್ಲಿಷಿನ ಒಂದು ಪಾಠ ಬಂತು. ಅದು ಎಲ್ಲ ಮಕ್ಕಳ ಜೀವ ಹಿಂಡುವ ಪಾಠವಂತೆ. ಆ ಭಾಷೆಯಲ್ಲಿ ಕೆಲವು ಮಾತುಗಳ ನಂತರ ಬರುವ ಕೆಲಸದ ಹೆಸರಿಗೆ ಇಂಗ್ ಎಂಬ ಬಾಲ ಹಚ್ಚಬೇಕು, ಕೆಲವಕ್ಕೆ ಟು ಎಂಬ ತಲೆ ಇಡಬೇಕು. ಯಾವುದಕ್ಕೆ ಯಾವುದು ಎನ್ನುವುದಕ್ಕೆ ಗಟ್ಟಿ ಕಟ್ಟಳೆ ಇಲ್ಲ. ಶಾಲೆಯ ಜೈಬುನ್ನಿಸಾ ಅಕ್ಕೋರು ಮಕ್ಕಳಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ನಂದಾ ಅದನ್ನು ನನಗೆ ಬಂದು ಹೇಳಿದಳು.

"ಕೈಯಾಗ ಇರೋ ಕೆಲಸಕ್ಕ ಇಂಗ್ ಅಂತವ್ವಾ, ಕಣ್ಣ ಮುಂದ ಇರೋ ಕೆಲಸಕ್ಕ ಟು ಅಂತ. ಆದ್ರ ಎಲ್ಲಾ ಕಡೆ ಹಂಗ ನಡಿಯಂಗಿಲ್ಲ ಮತ್ತ ಅಂದ್ರು."

"ನಡಿಯಂಗಿಲ್ಲಂದ್ರ ಏನ್ ಮಾಡೋದು?"

"ಬಾಯಿಪಾಠ ಮಾಡೋದು."

ಸಂಜೆ ನಾನು ರೊಟ್ಟಿ ಬಡಿಯಲು ಕುಳಿತಾಗ ಅವಳು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ಕೂಡುತ್ತಿದ್ದಳು. ನನ್ನ ಅಂಗೈ ಹಿಟ್ಟಿನ ಮೇಲೆ ಬೀಳುವ ತಾಳಕ್ಕೆ ಹೇಳುತ್ತಿದ್ದಳು. ಎಂಜಾಯ್, ರೀಡಿಂಗ್. ಫಿನಿಶ್, ವಾಶಿಂಗ್. ಅವಾಯ್ಡ್, ಟಾಕಿಂಗ್. ಕೀಪ್, ವೇಟಿಂಗ್. ರೊಟ್ಟಿ ತಿರುವಿ ಹಾಕುವಾಗ ಒಂದು ಉಸಿರು. ಮತ್ತೆ, ವಾಂಟ್, ಟು ಗೋ. ಡಿಸೈಡ್, ಟು ಸ್ಟೇ. ಪ್ರಾಮಿಸ್, ಟು ಕಮ್. ಹೋಪ್, ಟು ಸೀ. ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗುತ್ತಿದ್ದಳು.

"ಅವ್ವಾ, ಸರಿ ಆತಿಲ್ಲೋ?"

"ಸರಿ ಆತವ್ವ" ಎನ್ನುತ್ತಿದ್ದೆ.

ಒಮ್ಮೆ ಬಿದ್ದು ಬಿದ್ದು ನಕ್ಕಳು. "ನಿನಗ ಇಂಗ್ಲಿಷ್ ಒಂದಕ್ಷರ ಬರಂಗಿಲ್ಲ. ನಾ ತಪ್ಪು ಹೇಳಿದ್ರೂ ಸರಿ ಅಂತಿ."

"ತಪ್ಪು ಹೇಳುವಾಗ ನಿನ್ನ ದನಿ ಸಣ್ಣದಾಗತೈತಿ. ನನಗ ಅಷ್ಟು ತಿಳಿತೈತಿ."

ಆ ಮಾತಿಗೆ ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬೇಕೆಂದೇ ಒಂದು ತಪ್ಪನ್ನು ದೊಡ್ಡ ದನಿಯಲ್ಲಿ ಹೇಳಿ ನೋಡಿದಳು. ಅದನ್ನೂ ಹಿಡಿದೆ. ಅವಳ ಮೂಗಿನ ತುದಿ ನಗುತ್ತಿತ್ತು.

ಅದೇ ವರ್ಷ ಆಷಾಢದ ಗಾಳಿಯಲ್ಲಿ ಜ್ವರ ಬಂತು. ಮೊದಲು ಇಲ್ಲಿಯ ಔಷಧ, ಆಮೇಲೆ ಬಸ್ಸು ಹತ್ತಿ ಹೋಗುವ ಊರಿನ ದವಾಖಾನೆ. ಅವಳು ಮನೆಗೆ ಬರಲಿಲ್ಲ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಬೇಳೆ ಇಳಿಸಿ ಬಂದೆ.

ಸೂತಕದ ದಿನಗಳಲ್ಲಿ ಓಣಿಯವರೇ ರೊಟ್ಟಿ ತಂದುಕೊಡುತ್ತಿದ್ದರು. ಮನೆಯಲ್ಲಿ ಏನೂ ಕೇಳಿಸಲಿಲ್ಲ. ಮಕ್ಕಳಿಗೆ ಉಳಿಯುವುದೇ ಕಷ್ಟ, ಅವಕ್ಕೆ ಒಂದರಲ್ಲಿ ಮನಸ್ಸು ನಿಂತಿರುವುದಿಲ್ಲ ಎಂದು ಹಿರಿಯರು ಸಮಾಧಾನ ಹೇಳಿದರು. ಅದು ಸಮಾಧಾನವೋ ಇನ್ನೊಂದು ಸಾವೋ ನನಗೆ ತಿಳಿಯಲಿಲ್ಲ. ನಾನೇ ಒಲೆ ಹಚ್ಚಿ ಕೊಣಮಿಗೆಯಲ್ಲಿ ಹಿಟ್ಟು ನಾದಿ ಮೊದಲ ರೊಟ್ಟಿಗೆ ಅಂಗೈ ಇಟ್ಟ ಸಂಜೆ, ಬಾಗಿಲ ಚೌಕಟ್ಟಿನ ಹತ್ತಿರದಿಂದ, ಅವಳ ಕುತ್ತಿಗೆ ಇರುತ್ತಿದ್ದ ಎತ್ತರದಿಂದ, ಎಂಜಾಯ್ ಎಂದಿತು ದನಿ. ರೀಡಿಂಗ್ ಎಂದಿತು. ನನ್ನ ಕೈ ನಿಂತಿತು. ದನಿಯೂ ನಿಂತಿತು. ಕೈ ಬಡಿದೆ. ಫಿನಿಶ್, ವಾಶಿಂಗ್. ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಗಂಡ ಎದ್ದು ಬಂದು ಗೋಡೆ ಹಿಡಿದು ನಿಂತರು. ಕೊನೆಗೆ ಅದು ಕೇಳಿತು, ಅವ್ವಾ, ಸರಿ ಆತಿಲ್ಲೋ? ನಾನು ಸರಿ ಆತವ್ವ ಎಂದೆ. ಇನ್ನೇನು ಅನ್ನಲಿ?

ನಾನು ರೊಟ್ಟಿ ಬಡಿಯುವಷ್ಟು ಹೊತ್ತು ಅದು ಹೇಳುತ್ತಲೇ ಇರುತ್ತಿತ್ತು, ಮುಗಿದರೆ ಮತ್ತೆ ಮೊದಲಿನಿಂದ. ಹಾಗಾಗಿ ನಮ್ಮ ಮನೆಯಲ್ಲಿ ರೊಟ್ಟಿ ಹೆಚ್ಚಾಗತೊಡಗಿದವು. ತಿಂದು ಉಳಿದವನ್ನು ಒಣಗಿಸಿ ಬುಟ್ಟಿಗೆ ತುಂಬಿದೆ. ಬುಟ್ಟಿ ತುಂಬಿದ ಮೇಲೆ ಓಣಿಗೆ ಹಂಚಿದೆ. ಆಮೇಲೆ ಆಕಳಿಗೆ ಹಾಕಿದೆ. ಓಣಿಯ ಕೆಂದಾಕಳು ಸಂಜೆಯಾದರೆ ನಮ್ಮ ಬಾಗಿಲಿಗೆ ಬಂದು ನಿಲ್ಲುವುದನ್ನು ರೂಢಿ ಮಾಡಿಕೊಂಡಿತು. ಎದುರು ಮನೆಯ ಗಿರಿಜವ್ವ "ಈ ಆಕಳ ಹಾಲಿನಾಗ ಇಂಗ್ಲಿಷ್ ಬರತೈತಿ ನೋಡ ದಾನಮ್ಮಾ" ಎಂದು ನಗಿಸಲು ನೋಡಿದಳು. ನಾನೂ ನಕ್ಕೆ. ನನ್ನ ಗಂಡ ಕಣಿಯ ಕೆಲಸವನ್ನು ಬೇಗ ಮುಗಿಸಿಕೊಂಡು ರೊಟ್ಟಿಯ ಹೊತ್ತಿಗೆ ಸರಿಯಾಗಿ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಹೀಗೆ ಮೂರು ವರ್ಷ ನಡೆಯಿತು. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆವು.

ನೀಲಿ ಎಂಟನೆಯ ತರಗತಿಗೆ ಬಂದಳು. ಅದೇ ಶಾಲೆ, ಅದೇ ಅಕ್ಕೋರು, ಅದೇ ಪಾಠ.

ಒಂದು ಸಂಜೆ ನಾನು ಒಲೆಗೆ ಕಟ್ಟಿಗೆ ಹೊಂದಿಸುತ್ತಿದ್ದಾಗ ಜೈಬುನ್ನಿಸಾ ಅಕ್ಕೋರು ಬಾಗಿಲಿಗೆ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಚಾ ಬೇಡವೆಂದರು. ಮಣೆಯ ಮೇಲೆ ಕುಳಿತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ನಿಮ್ಮ ನೀಲಿ ಭಾಳ ಶಾಣ್ಯಾ ಹುಡುಗಿ ನೋಡ್ರಿ ದಾನಮ್ಮಾರ."

"ಏನರ ತಪ್ಪು ಮಾಡ್ಯಾಳೇನ್ರಿ ಅಕ್ಕೋರ?"

"ಬರೇ ತಪ್ಪು ಮಾಡ್ಯಾಳ. ಅದಕ್ಕ ಶಾಣ್ಯಾ ಅಂದೆ." ಅವರು ನಗಲಿಲ್ಲ. "ಆ ಇಂಗ್, ಟು ಪಾಠ ಕೇಳಿದೆ. ಎದ್ದು ನಿಂತು ಎಲ್ಲಾ ಉಲ್ಟಾ ಹೇಳಿದಳು. ಇಂಗ್ ಇರೋ ಕಡೆ ಟು, ಟು ಇರೋ ಕಡೆ ಇಂಗ್. ಏನೂ ಬರದ ಹುಡುಗ್ರು ಕಣ್ಣು ಮುಚ್ಚಿ ಹೇಳಿದ್ರೂ ಅರ್ಧ ಸರಿ ಬರ್ತಾವ್ರಿ. ಒಂದೂ ಸರಿ ಆಗದಂಗ ಹೇಳಬೇಕಂದ್ರ ಅಷ್ಟೂ ಬಂದಿರಬೇಕು. ಹುಡುಗ್ರು ಉಲ್ಟಾ ನೀಲಿ, ಉಲ್ಟಾ ನೀಲಿ ಅಂತ ಕಾಡ್ತಾವ. ಇಕಿ ಸುಮ್ನ ನಿಂತಿರ್ತಾಳ."

ನೀಲಿ ಆಗಲೇ ನೀರಿನ ಕೊಡ ಹೊತ್ತು ಒಳಗೆ ಬಂದಿದ್ದಳು. ಕೊಡ ಇಳಿಸಿದವಳು ಅಲ್ಲಿಯೇ ಗೋಡೆಗೆ ಅಂಟಿ ನಿಂತಳು.

"ಯಾಕವ್ವಾ ಹಂಗ ಹೇಳ್ತಿ?" ಎಂದು ಕೇಳಿದೆ.

ಅವಳು ನೆಲ ನೋಡಿದಳು. "ಅದು ಅಕ್ಕಂದು. ನಾ ಸರಿ ಹೇಳಿದ್ರ ಅಕ್ಕ ಹೋಗ್ತಾಳ."

ಅಕ್ಕೋರು ನನ್ನ ಮುಖ ನೋಡಿದರು. ನಾನು ಒಲೆಯ ಕಡೆ ತಿರುಗಿದೆ. ಕಟ್ಟಿಗೆ ಹಸಿಯಾಗಿತ್ತು, ಹೊಗೆ ಬಹಳ ಇತ್ತು.

"ಪರೀಕ್ಷೆ ಬಿಡ್ರಿ" ಎಂದರು ಅಕ್ಕೋರು ತಗ್ಗಿದ ದನಿಯಲ್ಲಿ. "ಮುಂದಿನ ವರ್ಷ ಮತ್ತ ಕುಂಡ್ರಬಹುದು. ನಾ ಅದಕ್ಕ ಬಂದಿಲ್ಲ. ಈಗ ಕನ್ನಡದಾಗೂ ಹಂಗ ಮಾಡಾಕತ್ತಾಳ, ಲೆಕ್ಕದಾಗೂ ಹಂಗ ಮಾಡಾಕತ್ತಾಳ. ನಂದಾ ಎಲ್ಲದರಾಗೂ ಮುಂದ ಇದ್ದಳಲ್ರಿ. ಇಕಿಗೆ ಸರಿ ಹೇಳಾಕ ಯಾವ ಜಾಗಾನೂ ಉಳಿದಿಲ್ಲ."

ನಾನು ಕೊಣಮಿಗೆ ಎಳೆದುಕೊಂಡೆ. ಕೈಗೆ ಕೆಲಸ ಬೇಕಿತ್ತು. ಹಿಟ್ಟು ತಟ್ಟಿದೆ. ದನಿ ಬಂತು. ಎಂಜಾಯ್, ರೀಡಿಂಗ್. ಅಕ್ಕೋರು ಸೆಟೆದು ಕುಳಿತರು. ಅವರು ಅದನ್ನು ಕೇಳಿದ್ದು ಅದೇ ಮೊದಲು. ಅವರೇ ಕಲಿಸಿದ ಮಾತುಗಳು, ಅವರೇ ಕಲಿಸಿದ ಹುಡುಗಿ. ಹೋಪ್, ಟು ಸೀ ಎನ್ನುವವರೆಗೆ ಕಣ್ಣು ಮುಚ್ಚಿ ಕೇಳಿದರು. ಅವ್ವಾ, ಸರಿ ಆತಿಲ್ಲೋ ಎಂದು ದನಿ ಕೇಳಿದಾಗ ನಾನು ಅಕ್ಕೋರ ಎದುರಿಗೆ ಉತ್ತರ ಕೊಡಲು ನಾಚಿದೆ. ಅವರೇ ನನ್ನ ಮೊಣಕೈ ಮುಟ್ಟಿ, "ಹೇಳ್ರಿ, ಹೇಳ್ರಿ, ಕಾಯ್ತಿರತೈತಿ" ಎಂದರು.

ಹೊರಡುವಾಗ ಅಂಗಳದಲ್ಲಿ ನಿಂತು ಅವರು ತಮ್ಮ ಮನೆಯ ಮಾತು ಹೇಳಿದರು. ಅವರ ಅಮ್ಮನ ಉಳಿಕೆ ಹೊಲಿಗೆ ಮಷೀನು. ಮಧ್ಯಾಹ್ನವಾದರೆ ತುಳಿಯುವ ಸಪ್ಪಳ ಶುರುವಾಗುತ್ತದೆ. ಅದು ನಿಂತುಹೋದೀತೆಂದು ಮನೆಯಲ್ಲಿ ಒಂದು ಗುಂಡಿಯನ್ನೂ ಹಚ್ಚಿಕೊಳ್ಳುವುದಿಲ್ಲ, ಹರಿದ ಕುಪ್ಪಸವನ್ನು ಪಕ್ಕದ ಮನೆಗೆ ಕೊಟ್ಟು ಹೊಲಿಸುತ್ತಾರೆ. "ನಿಮಗ ಹೇಳೋ ಬಾಯಿ ನನಗಿಲ್ರಿ. ನಾನೂ ಇಟ್ಕೊಂಡು ಕುಂತಾಕಿನ. ಆದ್ರ ನನ್ನ ಮನಿಯಾಗ ಹುಡುಗಿ ಇಲ್ಲ ನೋಡ್ರಿ" ಎಂದು ಹೇಳಿ, ಚಪ್ಪಲಿ ಹುಡುಕುವ ನೆವದಲ್ಲಿ ಮುಖ ತಗ್ಗಿಸಿಕೊಂಡು ಹೋದರು.

ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಊಟಕ್ಕೆ ಕುಳಿತಾಗ ರೊಟ್ಟಿ ಮುರಿದು ತಾಟಿನಲ್ಲಿ ಹಾಗೆಯೇ ಬಿಟ್ಟರು.

"ಇಂಗ್ಲಿಷ್ ಬಿಡಿಸು ಅಕಿಗೆ."

"ಬರೇ ಇಂಗ್ಲಿಷ್ ಅಲ್ರಿ. ಕೇಳಿದ್ರಿಲ್ಲೋ?"

"ಸಾಲಿನ ಬಿಡಿಸು ಹಂಗಾರ. ಎಷ್ಟು ಮಂದಿ ಸಾಲಿ ಇಲ್ದ ಬದುಕ್ಯಾರ." ನೀರು ಕುಡಿದರು. "ಇಂಗ್ಲಿಷ್ ಇಲ್ದ ಬದುಕಬಹುದು. ನಂದಾನ ದನಿ ಇಲ್ದ ನಾ ಹೆಂಗ ಇರಲಿ, ಅದನ್ನ ಹೇಳು."

ನೀಲಿ ಪಡಸಾಲೆಯ ಕಂಬದ ಆಚೆ ಕುಳಿತಿದ್ದಳು. ಆ ಮಾತು ಅವಳಿಗೆ ಕೇಳಿಸಿತು. ಅಪ್ಪನಿಗೆ ಸಿಟ್ಟು ಬಂದಿಲ್ಲ ಎಂದು ತಿಳಿದವಳ ಹಾಗೆ ನಿಧಾನವಾಗಿ ಎದ್ದು ಬಂದು ಅವರ ತಾಟಿಗೆ ಪಲ್ಯ ಬಡಿಸಿ ಹೋದಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟರು. ಕೆಟ್ಟ ಅಪ್ಪನಲ್ಲ ಆತ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ.

ಮರುದಿನ ಶಾಲೆಗೆ ರಜೆ. ನೀಲಿಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತ ಕುಳಿತೆ. ಕೂದಲು ಎರಡು ಪಾಲು ಮಾಡಿದೆ. ಅವಳು ನನ್ನ ಕೈ ಹಿಡಿದಳು.

"ಎರಡು ಜಡಿ ಬ್ಯಾಡ. ಒಂದ ಹಾಕು."

"ಎರಡು ಚೆಂದ ಕಾಣ್ತಾವಲ್ಲವ್ವಾ ನಿನಗ?"

"ಅಕ್ಕ ಎರಡು ಹಾಕ್ಕೊತಿದ್ಲು."

ಒಂದೇ ಜಡೆ ಹೆಣೆದೆ. ಹೆಣೆಯುತ್ತ ಒಂದೊಂದಾಗಿ ನೆನಪಿಗೆ ಬಂದವು. ಇವಳು ಬೆಲ್ಲ ಬಿಟ್ಟು ಬಹಳ ದಿನವಾಗಿತ್ತು. ಹಲ್ಲು ನೋವು ಎನ್ನುತ್ತಿದ್ದಳು. ನಂದಾ ಬೆಲ್ಲಕ್ಕೆ ಸಾಯುತ್ತಿದ್ದಳು. ಹಗ್ಗದಾಟ ಬಿಟ್ಟಿದ್ದಳು. ಅದು ನಂದಾಳ ಆಟ. ಹಾಡು ಬಿಟ್ಟಿದ್ದಳು. ಶಾಲೆಗೆ ದೊಡ್ಡ ಬೀದಿ ಬಿಟ್ಟು ಹಿಂದಿನ ಓಣಿ ಸುತ್ತಿ ಹೋಗುತ್ತಿದ್ದಳು. ನಂದಾ ದೊಡ್ಡ ಬೀದಿಯಲ್ಲಿ ಹೋಗುತ್ತಿದ್ದಳು. ಯಾವುದರಿಂದ ಅಕ್ಕ ಹೋಗಿಬಿಡುತ್ತಾಳೋ ತಿಳಿಯದೆ ಈ ಮಗು ಎಲ್ಲವನ್ನೂ ಬಿಟ್ಟುಕೊಟ್ಟಿತ್ತು. ಇದನ್ನು ಮಾಡು ಎಂದು ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ನಾವು ಸಂಜೆಗೊಮ್ಮೆ ಉಸಿರು ಹಿಡಿದು ಕೂಡುವುದನ್ನು ಅವಳು ನೋಡಿದ್ದಳು, ಅಷ್ಟೇ.

ಜಡೆಯ ತುದಿಗೆ ನಾನು ಗಂಟು ಹಾಕುವಾಗ ಅವಳು ಕೇಳಿದಳು. ಮುಖ ಆ ಕಡೆಗಿತ್ತು.

"ಅವ್ವಾ, ನಾ ಸತ್ರ ನಂದು ಏನು ಉಳಿತೈತಿ?"

"ಬಿಡ್ತು ಅನ್ನು. ಎಂಥಾ ಮಾತು."

"ಹಂಗಲ್ಲವ್ವಾ. ನಾ ಏನೂ ಮಾಡಂಗಿಲ್ಲಲ್ಲ. ಅದಕ್ಕ ಕೇಳಿದೆ."

ಅವಳ ದನಿಯಲ್ಲಿ ಅಳು ಇರಲಿಲ್ಲ. ನಾಳೆ ಏನು ಪಲ್ಯ ಎಂದು ಕೇಳಿದ ಹಾಗಿತ್ತು. ನನ್ನ ಬೆರಳು ಅವಳ ಕೂದಲಲ್ಲೇ ಉಳಿಯಿತು. ಜಡೆಯನ್ನು ಬಿಚ್ಚಿದೆ. ಮತ್ತೆ ಎರಡು ಪಾಲು ಮಾಡಿದೆ. ಅವಳು ಬೇಡವೆನ್ನಲು ತಿರುಗಿದಳು, ನನ್ನ ಮುಖ ನೋಡಿ ಮತ್ತೆ ಆ ಕಡೆ ತಿರುಗಿ ಕುಳಿತಳು. ನಂದಾಳ ಕೆಂಪು ರಿಬ್ಬನ್ನು ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಅದನ್ನೇ ಕಟ್ಟಿದೆ.

ಬಟ್ಟೆ ಒಗೆಯುವುದಿದೆ. ಮುಗಿಸಿ ಬರುತ್ತೇನೆ.

ಆ ಮಧ್ಯಾಹ್ನ ಕಣಿಯಿಂದ ನನ್ನ ಗಂಡ ಬರುವುದನ್ನು ಕಾಯ್ದು ಅಂಗಳದಲ್ಲಿಯೇ ಹೇಳಿದೆ. ಒಳಗೆ ಹೇಳಲು ಧೈರ್ಯವಿರಲಿಲ್ಲ.

"ಇವತ್ತು ನೀಲಿನ ಕೂಡ್ರಸ್ತೀನಿ. ಪಾಠ ಹೇಳಸ್ತೀನಿ."

ಅವರಿಗೆ ತಕ್ಷಣ ತಿಳಿಯಿತು. ಕಲ್ಲಿನ ಪುಡಿಯಿಂದ ಮುಖವೆಲ್ಲ ಬೂದಿಯಾಗಿತ್ತು. ಕಣ್ಣು ಮಾತ್ರ ಕಾಣುತ್ತಿದ್ದವು.

"ನೀ ತಾಯಿ ಹೌದೋ ಅಲ್ಲೋ?"

"ಹೌದ್ರಿ. ಇಬ್ಬರಿಗೂ."

ಅವರು ಕೈಕಾಲು ತೊಳೆಯದೆ ಕೊಟ್ಟಿಗೆಯ ಕಡೆ ಹೋದರು. ಬರುವುದಿಲ್ಲವೇನೋ ಎಂದುಕೊಂಡೆ. ಹಿಟ್ಟು ನಾದುವ ಹೊತ್ತಿಗೆ ಬಂದು ಕಟ್ಟೆಯ ಮೇಲೆ ತಮ್ಮ ಜಾಗದಲ್ಲಿ ಕುಳಿತರು. ಬೆನ್ನು ನಮ್ಮ ಕಡೆಗಿತ್ತು.

ಒಲೆ ಚೆನ್ನಾಗಿ ಹತ್ತಿತ್ತು. ಹಂಚು ಕಾಯಲು ಬಿಟ್ಟೆ. ಮೊದಲು ಒಂದಿಷ್ಟು ರೊಟ್ಟಿಗಳನ್ನು ನೀಲಿಯನ್ನು ಕರೆಯದೆ ಬಡಿದೆ. ದನಿ ಬಂತು, ಹೇಳಿತು, ಕೇಳಿತು. ಸರಿ ಆತವ್ವ ಎಂದೆ. ಮತ್ತೆ ಮೊದಲಿನಿಂದ ಹೇಳಿತು. ಆ ಸಂಜೆ ಅದನ್ನು ನಾನು ಕಣ್ಣಿಂದ ಕೇಳಿಸಿಕೊಂಡ ಹಾಗೆ ಇತ್ತು. ಅವಾಯ್ಡ್ ಎನ್ನುವಾಗ ಅವಳ ಕೆಳತುಟಿ ಹಲ್ಲಿಗೆ ತಾಗುವ ಸಣ್ಣ ಗಾಳಿಯೂ ಕೇಳಿಸಿತು. ನಾನು ಇನ್ನೂ ಒಂದು, ಇನ್ನೂ ಒಂದು ಎಂದುಕೊಳ್ಳುತ್ತಿದ್ದೆ. ಹಿಟ್ಟು ಕಡಿಮೆಯಾಗುತ್ತ ಬಂತು. ಹಿಟ್ಟು ಮುಗಿದರೆ ನಾಳೆಗೆ ಮುಂದೂಡುತ್ತೇನೆ, ನಾಳೆ ಹೆಚ್ಚು ಹಿಟ್ಟು ನಾದುತ್ತೇನೆ ಎಂದು ನನಗೆ ಗೊತ್ತಿತ್ತು.

"ನೀಲೀ" ಎಂದೆ. "ಬಾ ಇಲ್ಲಿ. ಚೌಕಟ್ಟಿಗೆ ಒರಗಿ ಕೂಡು."

ಬಂದಳು. ಆ ಜಾಗಕ್ಕೆ ಎರಡು ಮಾರು ದೂರ ನಿಂತಳು. ಮೂರು ವರ್ಷದಿಂದ ಅಲ್ಲಿ ಯಾರೂ ಕುಳಿತಿರಲಿಲ್ಲ. ನೆಲ ಸಾರಿಸುವಾಗ ಕೂಡ ನಾನು ಅಲ್ಲಿ ಕೈ ಮೆಲ್ಲಗೆ ಆಡಿಸುತ್ತಿದ್ದೆ.

"ಅಕ್ಕಗ ತಾಗತೈತಿ."

"ಇಲ್ಲವ್ವ. ಕೂಡು. ಅಕಿ ಜೋಡಿ ಹೇಳು. ಸರಿ ಇದ್ದದ್ದನ್ನ ಹೇಳು."

"ಅಪ್ಪ?"

ಹೊರಗಿನಿಂದ ಏನೂ ಕೇಳಿಸಲಿಲ್ಲ. ಬೇಡ ಎಂದೂ ಕೇಳಿಸಲಿಲ್ಲ. ನೀಲಿ ಅಷ್ಟಕ್ಕೇ ಕಾಯುತ್ತಿದ್ದಳೇನೋ, ಹೋಗಿ ಕುಳಿತಳು. ಬೆನ್ನು ಚೌಕಟ್ಟಿಗೆ ತಾಗಿತು. ನಾನು ಹಿಟ್ಟಿನ ಮೇಲೆ ಕೈ ಇಟ್ಟೆ.

ಎಂಜಾಯ್ ಎಂದಿತು ದನಿ. ನೀಲಿಯ ತುಟಿ ಅಲುಗಿತು, ಸದ್ದು ಬರಲಿಲ್ಲ. ಫಿನಿಶ್ ಎನ್ನುವಾಗ ಗಾಳಿಯಷ್ಟು ಬಂತು. ನಾನು ಕೈ ನಿಲ್ಲಿಸಲಿಲ್ಲ. ಅವಾಯ್ಡ್, ಟಾಕಿಂಗ್ ಎನ್ನುವಾಗ ಎರಡು ದನಿ ಇದ್ದವು, ಒಂದು ಸ್ವಲ್ಪ ಎತ್ತರದಿಂದ, ಒಂದು ಸ್ವಲ್ಪ ತಗ್ಗಿನಿಂದ. ಕೀಪ್, ವೇಟಿಂಗ್. ನನ್ನ ಮಕ್ಕಳಿಬ್ಬರೂ ಒಟ್ಟಿಗೆ ಹೇಳುತ್ತಿದ್ದರು. ನಾನು ರೊಟ್ಟಿ ತಿರುವಿದೆ. ಉಸಿರು ಎಳೆದುಕೊಂಡದ್ದೂ ಒಟ್ಟಿಗೇ ಕೇಳಿಸಿತು. ವಾಂಟ್, ಟು ಗೋ. ಡಿಸೈಡ್, ಟು ಸ್ಟೇ. ಎಲ್ಲಿ ಒಂದು ದನಿಯಾಯಿತೋ ನನಗೆ ತಿಳಿಯಲಿಲ್ಲ. ಆ ಗಳಿಗೆಯನ್ನು ಹಿಡಿಯಬೇಕೆಂದು ಕಿವಿಯಿಟ್ಟು ಕುಳಿತವಳು ನಾನೇ. ಹಿಡಿಯಲಾಗಲಿಲ್ಲ. ಪ್ರಾಮಿಸ್, ಟು ಕಮ್ ಎಂದು ಹೇಳಿದ್ದು ನೀಲಿ ಒಬ್ಬಳೇ. ಅವಳಿಗೂ ಅದು ತಿಳಿದು ಕಣ್ಣು ಅಗಲವಾದವು. ನಿಲ್ಲಿಸುತ್ತಾಳೆ ಎಂದುಕೊಂಡೆ. ಅವಳು ನಿಲ್ಲಿಸಲಿಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಸಣ್ಣದಾಗಲಿಲ್ಲ. ಹೋಪ್, ಟು ಸೀ ಎಂದಳು.

ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕಪ್ಪಾಗಿತ್ತು.

"ಅವ್ವಾ" ಎಂದಳು ನೀಲಿ. "ಸರಿ ಆತಿಲ್ಲೋ?"

ಅದು ಆ ಪಾಠದ್ದೇ ಭಾಗ ಎಂದುಕೊಂಡು ಕೇಳಿದಳೋ, ತನಗೇ ತಿಳಿಯಬೇಕಾಗಿತ್ತೋ. ನಾನು ಸರಿ ಆತವ್ವ ಎಂದೆ. ಅವಳನ್ನು ಹಿಡಿದುಕೊಂಡೆ. ಅವಳ ಬೆನ್ನಿಗೆಲ್ಲ ನನ್ನ ಕೈಯ ಹಿಟ್ಟು ಹತ್ತಿತು.

ಹೊರಗೆ ಕಟ್ಟೆ ಖಾಲಿಯಿತ್ತು. ನನ್ನ ಗಂಡ ಯಾವಾಗ ಎದ್ದು ಹೋದರೋ ನೋಡಲಿಲ್ಲ.

ಬಹಳ ದಿನ ಅವರು ನನ್ನೊಂದಿಗೆ ಮಾತು ಬಿಟ್ಟರು. ಸಂಜೆ ಮಾತ್ರ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ನೀಲಿ ಪಾಠ ಹೇಳುತ್ತಿದ್ದಳು, ಅವರು ಕೇಳುತ್ತಿದ್ದರು. ಒಮ್ಮೆ ಗೋಡೆಗೆ ಹೇಳಿದ ಹಾಗೆ "ಅಕಿದಲ್ಲ ದನಿ" ಎಂದರು. ಹೌದು, ಅವಳದಲ್ಲ. ನನಗೂ ಮೊದಮೊದಲು ರೊಟ್ಟಿ ಬಡಿಯಲು ಕುಳಿತರೆ ಮೈ ಭಾರವಾಗುತ್ತಿತ್ತು. ಕೈ ಇಟ್ಟು ಕಾಯುತ್ತಿದ್ದೆ. ನೀಲಿ ಇನ್ನೂ ಶಾಲೆಯಿಂದ ಬಾರದ ದಿನ ಬರೀ ನನ್ನ ಅಂಗೈಯ ಸಪ್ಪಳ. ಈಗ ನಮ್ಮ ಮನೆಯಲ್ಲಿ ರೊಟ್ಟಿ ಬೇಕಾದಷ್ಟೇ ಆಗುತ್ತವೆ. ಕೆಂದಾಕಳು ರೂಢಿಯಂತೆ ಬಾಗಿಲಿಗೆ ಬಂದು, ಸ್ವಲ್ಪ ಹೊತ್ತು ನಿಂತು, ಹೋಗುತ್ತದೆ.

ನೀಲಿ ಒಂದೇ ದಿನಕ್ಕೆ ಬದಲಾಗಲಿಲ್ಲ. ಬೆಲ್ಲ ಇನ್ನೂ ಮುಟ್ಟುವುದಿಲ್ಲ. ದೊಡ್ಡ ಬೀದಿಯಲ್ಲಿ ಹೋಗುತ್ತಾಳೆ. ಶಾಲೆಯಲ್ಲಿ ಅವಳಿಗೆ ಉಲ್ಟಾ ನೀಲಿ ಎನ್ನುವ ಹೆಸರು ಹಾಗೆಯೇ ಉಳಿದಿದೆ. ಈಗ ಅದಕ್ಕೆ ನಾಲಿಗೆ ಚಾಚಿ ತೋರಿಸುತ್ತಾಳಂತೆ, ಅಕ್ಕೋರು ಪೇಟೆಯಲ್ಲಿ ಸಿಕ್ಕಾಗ ಹೇಳಿದರು. ಅವರ ಕುಪ್ಪಸದ ತೋಳಿಗೆ ಓರೆಕೋರೆ ಹೊಲಿಗೆ ಹಾಕಿತ್ತು, ಬೇರೆ ಬಣ್ಣದ ದಾರದಲ್ಲಿ. ನಾನು ನೋಡಿದ್ದನ್ನು ಅವರೂ ನೋಡಿದರು.

ಹೀಗಿರುವಾಗ ಒಂದು ಸಂಜೆ ನೀಲಿ ಹೋಪ್, ಟು ಸೀ ಎಂದವಳು ಅಲ್ಲಿ ನಿಲ್ಲಿಸದೆ ಮುಂದೆ ಹೋದಳು. ಆ ಪಾಠಕ್ಕೆ ಅದರಾಚೆಯೂ ಇತ್ತು. ನಂದಾ ಅಲ್ಲಿಯವರೆಗೆ ಕಲಿತಿದ್ದಳು, ಅಷ್ಟರಲ್ಲಿ ಆಷಾಢ ಬಂದಿತ್ತು. ಮೂರು ವರ್ಷ ಸಾವಿರ ಸಲ ಕೇಳಿದ ಮೇಲೆ ಅದರ ಮುಂದೆ ಏನೋ ಇರಬಹುದು ಎನ್ನುವುದೇ ನನಗೆ ಹೊಳೆದಿರಲಿಲ್ಲ. ರಿಮೆಂಬರ್, ಎಂದಳು ನೀಲಿ. ನನ್ನ ಕೈ ನಿಂತಿತು.

"ಇದಕ್ಕ ಎರಡೂ ಬರತೈತವ್ವಾ. ಇಂಗೂ ಬರತೈತಿ, ಟುನೂ ಬರತೈತಿ."

"ಎರಡೂ ಸರಿ ಏನು?"

"ಎರಡೂ ಸರಿ. ಮಾಡಿದ್ದನ್ನ ನೆನೆಸೋದಕ್ಕ ಒಂದು. ಮಾಡೋದನ್ನ ಮರೀಬಾರದು ಅನ್ನೋದಕ್ಕ ಇನ್ನೊಂದು."

ಹೊರಗಿನಿಂದ ನನ್ನ ಗಂಡ ಕೆಮ್ಮಿದರು. ಬಹಳ ದಿನಗಳ ಮೇಲೆ ಒಳಗಿನವರಿಗೆ ಕೇಳಿಸುವಂತೆ ಮಾತಾಡಿದರು. "ಅದೇನದು, ಮತ್ತೊಮ್ಮೆ ಹೇಳು." ನೀಲಿ ಮತ್ತೊಮ್ಮೆ ಹೇಳಿದಳು. ಅವರು ಹೂಂ ಎಂದರು. ಅಷ್ಟೇ. ಅವರ ಅಪ್ಪನ ಚಾಣ ಇಂದಿಗೂ ಕೊಟ್ಟಿಗೆಯಲ್ಲಿ ಟಕ್ ಟಕ್ ಎನ್ನುತ್ತದೆ. ಅದನ್ನು ಎತ್ತಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ನೀಲಿ ಬರುವುದು ತಡವಾದರೆ ಈಗ ಅವರೇ ಕಟ್ಟೆಯಿಂದ ಎದ್ದು ಓಣಿಯ ತುದಿಯವರೆಗೆ ನೋಡಿಕೊಂಡು ಬರುತ್ತಾರೆ.

ಹೊತ್ತು ಇಳಿಯಿತು. ಹಿಟ್ಟು ನಾದಬೇಕು. ನೀಲಿ ಬಂದು ಚೌಕಟ್ಟಿಗೆ ಒರಗಿ ಕೂಡುತ್ತಾಳೆ, ಇವತ್ತು ಕಲಿತದ್ದನ್ನು ಹೇಳುತ್ತಾಳೆ, ಸರಿ ಆತಿಲ್ಲೋ ಎಂದು ಕೇಳುತ್ತಾಳೆ. ನಾನು ಸರಿ ಆತವ್ವ ಎನ್ನುತ್ತೇನೆ. ರೊಟ್ಟಿ ತಿರುವಿ ಹಾಕಿ, ಇನ್ನೊಮ್ಮೆ, ಮೆಲ್ಲಗೆ, ಸರಿ ಆತವ್ವ ಎನ್ನುತ್ತೇನೆ. ಎರಡನೆಯ ಸಲ ಯಾಕೆ ಎಂದು ನೀಲಿ ಇವತ್ತಿನವರೆಗೆ ಕೇಳಿಲ್ಲ.